ಸೂರ್ಯಕಾಂತಿ ಜೇನುತುಪ್ಪ ಹರಳುಗಟ್ಟುವುದೇಕೆ? ಗುಂಡ್ಲುಪೇಟೆ, ಚಾಮರಾಜನಗರ ಭಾಗದ ಜೇನು ಕೃಷಿಕರಿಗೆ ಮಾಹಿತಿ

ಮುಂಗಾರು ಪೂರ್ವ ಮಳೆಗೆ ಬಿತ್ತಿದ ಸೂರ್ಯಕಾಂತಿ ಬೆಳೆಯು ಗುಂಡ್ಲುಪೇಟೆ ಮತ್ತು ಚಾಮರಾಜನಗರ ತಾಲ್ಲೂಕುಗಳಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಹೂಬಿಡುತ್ತದೆ. ಊಟಿ ಹಾಗೂ ವಯನಾಡಿನ ಕಡೆಗೆ ಸಾಗುವ ಪ್ರವಾಸಿಗರು ಛಾಯಾಚಿತ್ರಕ್ಕಾಗಿ ನಿಲ್ಲುವ ಈ ಹೊಲಗಳು ಜೇನು ಸಾಕುವವರಿಗೆ ಮಕರಂದದ ಮುಖ್ಯ ಆಕರವಾಗಿವೆ. ಆದರೆ ಇಲ್ಲಿ ದೊರೆತ ಜೇನುತುಪ್ಪವು ಕೆಲವೇ ವಾರಗಳಲ್ಲಿ, ಹೆಚ್ಚೆಂದರೆ ಎರಡು ಮೂರು ತಿಂಗಳಲ್ಲಿ, ಬಾಟಲಿಯೊಳಗೆ ತುಪ್ಪದಂತೆ ಗಟ್ಟಿಯಾಗುತ್ತದೆ. ಸಕ್ಕರೆ ಪಾಕ ಬೆರೆಸಿದ್ದಾರೆಂದು ಗ್ರಾಹಕರು ಅದನ್ನು ಹಿಂದಿರುಗಿಸುವುದುಂಟು. ಆ ಮಾತಿಗೆ ಅಂಜಿ ಕೆಲವು ಕೃಷಿಕರು ಜೇನುತುಪ್ಪವನ್ನು ಒಲೆಯ ಮೇಲಿಟ್ಟು ಕಾಯಿಸುತ್ತಾರೆ. ಗ್ರಾಹಕರದು ತಪ್ಪು ತಿಳಿವಳಿಕೆ. ಕೃಷಿಕರು ಮಾಡುವುದು ಕೈಯಾರೆ ತಂದುಕೊಳ್ಳುವ ನಷ್ಟ.

ಜೇನುತುಪ್ಪದಲ್ಲಿರುವ ಮುಖ್ಯ ಸಕ್ಕರೆಗಳು ಫ್ರಕ್ಟೋಸ್ ಮತ್ತು ಗ್ಲೂಕೋಸ್. ಫ್ರಕ್ಟೋಸ್ ನೀರಿನಲ್ಲಿ ಸುಲಭವಾಗಿ ಕರಗಿಯೇ ಉಳಿಯುತ್ತದೆ. ಗ್ಲೂಕೋಸ್ ಹರಳಾಗಿ ಬೇರ್ಪಡುತ್ತದೆ. ಯಾವ ಹೂವಿನ ಮಕರಂದದಲ್ಲಿ ಗ್ಲೂಕೋಸ್ ಪ್ರಮಾಣ ಹೆಚ್ಚೋ ಆ ಜೇನುತುಪ್ಪ ಬೇಗ ಹರಳುಗಟ್ಟುತ್ತದೆ. ಸೂರ್ಯಕಾಂತಿ ಹಾಗೂ ಸಾಸಿವೆ ಈ ಗುಂಪಿಗೆ ಸೇರುತ್ತವೆ. ಸುಮಾರು 14 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಈ ಕ್ರಿಯೆ ಅತ್ಯಂತ ವೇಗವಾಗಿ ನಡೆಯುವುದರಿಂದ, ಆಗಸ್ಟ್‌ನಲ್ಲಿ ತೆಗೆದ ಜೇನುತುಪ್ಪ ಮಾಗಿಯ ಚಳಿ ಬರುವ ಹೊತ್ತಿಗೆ ಪೂರ್ತಿ ಗಟ್ಟಿಯಾಗಿರುವುದು ಸಹಜ.

ಇದಕ್ಕೆ ವಿರುದ್ಧವಾದ ಉದಾಹರಣೆ ಯುರೋಪಿನ ಚೆಸ್ಟ್‌ನಟ್ ಜೇನುತುಪ್ಪ. ಇಟಲಿ, ಫ್ರಾನ್ಸ್, ಟರ್ಕಿ ದೇಶಗಳ ಗುಡ್ಡಗಾಡುಗಳಲ್ಲಿ ಚೆಸ್ಟ್‌ನಟ್ ಮರಗಳಿಂದ ದೊರೆಯುವ ಈ ಜೇನುತುಪ್ಪದಲ್ಲಿ ಫ್ರಕ್ಟೋಸ್ ಅಧಿಕ. ಆದ್ದರಿಂದ ಬಹುಕಾಲ ದ್ರವವಾಗಿಯೇ ಉಳಿಯುತ್ತದೆ. ಬಣ್ಣ ಕಡುಕಂದು, ರುಚಿ ಕಹಿ. ಅಲ್ಲಿನ ಗ್ರಾಹಕರು ಆ ಕಹಿಯನ್ನು ದೋಷವೆಂದು ಬಗೆಯದೆ ಗುರುತೆಂದು ತಿಳಿದು ಕೊಳ್ಳುತ್ತಾರೆ. ನಮ್ಮ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ನೇರಳೆ ಜೇನುತುಪ್ಪವೂ ಕಡುಬಣ್ಣದ್ದು, ಸ್ವಲ್ಪ ಒಗರು ಕಹಿ ಉಳ್ಳದ್ದು. ಆ ಗುಣಗಳು ಹೂವಿನಿಂದ ಬಂದವು. ಸೂರ್ಯಕಾಂತಿ ಜೇನುತುಪ್ಪ ಹರಳುಗಟ್ಟುವುದೂ ಹಾಗೆಯೇ.

ನಿಜವಾದ ಅಪಾಯ ತೇವಾಂಶ

ಹರಳುಗಟ್ಟುವುದರಿಂದ ಜೇನುತುಪ್ಪ ಕೆಡುವುದಿಲ್ಲ. ತೇವಾಂಶ ಹೆಚ್ಚಾಗಿದ್ದು ಹರಳುಗಟ್ಟಿದರೆ ಮಾತ್ರ ಕೆಡುತ್ತದೆ. ಗ್ಲೂಕೋಸ್ ಹರಳಾಗಿ ಬೇರ್ಪಟ್ಟಾಗ ಹರಳುಗಳ ನಡುವೆ ಉಳಿಯುವ ದ್ರವವು ಮೊದಲಿಗಿಂತ ತೆಳುವಾಗುತ್ತದೆ. ಅದರಲ್ಲಿ ಯೀಸ್ಟ್ ಬೆಳೆದು ಹುಳಿ ಬರುತ್ತದೆ, ಮೇಲೆ ನೊರೆ ಕಾಣಿಸುತ್ತದೆ, ಕೆಲವೊಮ್ಮೆ ಮುಚ್ಚಳ ಉಬ್ಬುತ್ತದೆ. ಎಫ್‌ಎಸ್‌ಎಸ್‌ಎಐ ಮಾನದಂಡದ ಪ್ರಕಾರ ಜೇನುತುಪ್ಪದಲ್ಲಿ ತೇವಾಂಶ ಶೇ. 20ನ್ನು ಮೀರಬಾರದು. ಸೂರ್ಯಕಾಂತಿ ಜೇನುತುಪ್ಪಕ್ಕೆ ಶೇ. 18ರ ಆಸುಪಾಸು ಇದ್ದರೆ ಲೇಸು.

ಈ ಭಾಗದಲ್ಲಿ ಸೂರ್ಯಕಾಂತಿ ಹೂಬಿಡುವ ಕಾಲವೂ ನೈಋತ್ಯ ಮುಂಗಾರಿನ ಮೋಡ ಕವಿದ ದಿನಗಳೂ ಒಟ್ಟಿಗೆ ಬರುತ್ತವೆ. ಗಾಳಿಯಲ್ಲಿ ತೇವ ಹೆಚ್ಚಿರುವಾಗ ನೊಣಗಳು ಮಕರಂದದ ನೀರನ್ನು ಆರಿಸಲು ಹೆಚ್ಚು ದಿನ ಬೇಕು. ಮಾರುಕಟ್ಟೆಯ ಆತುರಕ್ಕೆ ಮುಚ್ಚಳವಿಲ್ಲದ ಎರಿಗಳನ್ನು ತೆಗೆಯುವುದೇ ಹುಳಿ ಬರಲು ಮೊದಲ ಕಾರಣ. ಎರಿಯ ಮುಕ್ಕಾಲು ಪಾಲು ಕೋಶಗಳಿಗೆ ನೊಣಗಳು ಮೇಣದ ಮುಚ್ಚಳ ಹಾಕಿದ ಮೇಲೆಯೇ ಜೇನು ತೆಗೆಯಬೇಕು. ಮಳೆ ಬರುವ ದಿನ ಈ ಕೆಲಸ ಬೇಡ. ಜೇನು ಕೋಣೆಯ ಎರಿಗಳನ್ನು ಮಾತ್ರ ಯಂತ್ರಕ್ಕೆ ಹಾಕಬೇಕು. ಸಂಸಾರ ಕೋಣೆಯದನ್ನು ಮುಟ್ಟಬಾರದು.

ರಿಫ್ರಾಕ್ಟೋಮೀಟರ್ ಇಲ್ಲದವರು ತೂಕದಿಂದ ಅಂದಾಜು ಮಾಡಬಹುದು. ಸರಿಯಾಗಿ ಒಂದು ಲೀಟರ್ ಹಿಡಿಯುವ ಪಾತ್ರೆಗೆ, ನೊರೆ ಇಳಿದ ಜೇನುತುಪ್ಪವನ್ನು ತುಂಬಿ ಪಾತ್ರೆಯ ತೂಕ ಕಳೆಯಿರಿ. 1.4 ಕಿ.ಗ್ರಾಂ.ಗಿಂತ ಕಡಿಮೆ ಬಂದರೆ ನೀರಿನಂಶ ಮಿತಿ ಮೀರಿದೆ ಎಂದರ್ಥ. ಅದನ್ನು ದಾಸ್ತಾನು ಮಾಡದೆ ಮನೆಯಲ್ಲಿ ಬೇಗ ಬಳಸಬೇಕು. ನೀರಿನ ಲೋಟಕ್ಕೆ ಹನಿ ಬಿಡುವುದು, ಬತ್ತಿ ಅದ್ದಿ ಉರಿಸುವುದು ಮೊದಲಾದ ಪರೀಕ್ಷೆಗಳು ಕಲಬೆರಕೆಯನ್ನು ತಿಳಿಸುವುದಿಲ್ಲ. ದಪ್ಪ ಸಕ್ಕರೆ ಪಾಕವೂ ಅವುಗಳಲ್ಲಿ ತೇರ್ಗಡೆಯಾಗುತ್ತದೆ.

ಬೆಟ್ಟದ ಹೆಜ್ಜೇನಿಗೂ ಇದೇ ಮಾತು ಅನ್ವಯಿಸುತ್ತದೆ. ಸೋಲಿಗರು ಹೆಜ್ಜೇನು, ತುಡುವೆ, ಕಡ್ಡಿ ಜೇನು, ನೆಸರೆ ಜೇನು ಎಂದು ನಾಲ್ಕು ಬಗೆ ಗುರುತಿಸುತ್ತಾರೆ. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ದೊರೆತ ಬಳಿಕ ಬಿ.ಆರ್.ಟಿ. ಅರಣ್ಯದಲ್ಲಿ ಜೇನು ಸಂಗ್ರಹಕ್ಕೆ ಕಾನೂನಿನ ಆಸರೆ ಇದೆ. ಹೆಜ್ಜೇನಿನ ತುಪ್ಪದಲ್ಲಿ ತೇವಾಂಶ ಹಲವು ಬಾರಿ ಶೇ. 20ಕ್ಕಿಂತ ಹೆಚ್ಚಿರುತ್ತದೆ. ಎರಿಯಲ್ಲಿ ಜೇನಿನ ಭಾಗವನ್ನಷ್ಟೇ ಕೊಯ್ದು, ಮರಿಗಳ ಭಾಗವನ್ನು ಬಿಟ್ಟು, ಹಿಂಡದೆ ಬಟ್ಟೆಯಲ್ಲಿ ಸೋಸಿದರೆ ಗುಣಮಟ್ಟ ಉತ್ತಮವಾಗಿರುತ್ತದೆ.

ಗಟ್ಟಿಯಾದುದನ್ನು ಕರಗಿಸುವ ವಿಧಾನ

ಬಾಟಲಿಯನ್ನು ನೇರವಾಗಿ ಒಲೆಯ ಮೇಲೆ ಇಡಬಾರದು. 40ರಿಂದ 45 ಡಿಗ್ರಿ ಬಿಸಿಯ ನೀರಿನಲ್ಲಿ, ಅಂದರೆ ಕೈ ತಾಳುವಷ್ಟು ಬಿಸಿಯಲ್ಲಿ, ಬಾಟಲಿಯನ್ನು ಕೆಲವು ಗಂಟೆ ನಿಲ್ಲಿಸಿದರೆ ಹರಳು ಕರಗುತ್ತದೆ. ಹೆಚ್ಚು ಕಾಯಿಸಿದಾಗ ಕಿಣ್ವಗಳು ನಾಶವಾಗಿ ಎಚ್‌ಎಂಎಫ್ ಎಂಬ ಸಂಯುಕ್ತ ಹೆಚ್ಚುತ್ತದೆ. ಇದಕ್ಕೆ ಮಿತಿ ಕಿ.ಗ್ರಾಂ.ಗೆ 80 ಮಿ.ಗ್ರಾಂ. ಶುದ್ಧ ಜೇನುತುಪ್ಪವೇ ಈ ಕಾರಣಕ್ಕೆ ಪ್ರಯೋಗಾಲಯದಲ್ಲಿ ತಿರಸ್ಕೃತವಾಗಬಹುದು. ನಮ್ಮ ಅಭಿಪ್ರಾಯದಲ್ಲಿ ಕರಗಿಸುವ ಗೋಜಿಗಿಂತ, ನುಣ್ಣಗೆ ಹರಳುಗಟ್ಟಿದ ಜೇನುತುಪ್ಪವನ್ನು ಅಗಲ ಬಾಯಿಯ ಜಾಡಿಗೆ ತುಂಬಿ, ಹರಳುಗಟ್ಟುವುದು ಇದರ ಸಹಜ ಗುಣವೆಂದು ಚೀಟಿಯಲ್ಲಿ ಮುದ್ರಿಸಿ ಮಾರುವುದೇ ಮೇಲು. ರೊಟ್ಟಿ, ದೋಸೆಗೆ ಸವರಿಕೊಳ್ಳಲು ಅದು ದ್ರವಕ್ಕಿಂತ ಅನುಕೂಲ.

ಚೀಟಿಯಲ್ಲಿ ಸೂರ್ಯಕಾಂತಿ ಎಂದು ಬರೆಯಬೇಕಾದರೆ ಒಟ್ಟು ಪರಾಗದಲ್ಲಿ ಆ ಹೂವಿನದು ಕನಿಷ್ಠ ಶೇ. 45 ಇರಬೇಕು. ಹುಣಸೆ, ಹೊಂಗೆ ಹೂವುಗಳ ಜೇನು ಉಳಿದಿರುವ ಎರಿಗಳನ್ನು ಮೊದಲೇ ಖಾಲಿ ಮಾಡಿ ಪೆಟ್ಟಿಗೆಗಳನ್ನು ಹೊಲಕ್ಕೆ ಒಯ್ಯಬೇಕು.

ಹೊಲದಲ್ಲಿ

ಹೆಕ್ಟೇರಿಗೆ 5 ಪೆಟ್ಟಿಗೆಗಳನ್ನು, ಹೂಬಿಡಲು ಆರಂಭವಾದಾಗ, ರಾತ್ರಿ ವೇಳೆ ಸಾಗಿಸಿ ಇಡಬೇಕು. ಸೂರ್ಯಕಾಂತಿ ಪರಕೀಯ ಪರಾಗಸ್ಪರ್ಶದ ಬೆಳೆ. ನೊಣಗಳಿಲ್ಲದ ಹೊಲದಲ್ಲಿ ತೆನೆಯ ನಡುಭಾಗ ಜೊಳ್ಳಾಗುತ್ತದೆ. ಆದ್ದರಿಂದ ಪೆಟ್ಟಿಗೆಗೆ ಜಾಗ ಕೊಟ್ಟ ಬೆಳೆಗಾರರಿಗೂ ಲಾಭವಿದೆ. ಹೂವಿನ ಹಂತದಲ್ಲಿ ಕೀಟನಾಶಕ ಸಿಂಪರಣೆ ಬೇಡ. ಅನಿವಾರ್ಯವಾದರೆ ಅಕ್ಕಪಕ್ಕದ ಪೆಟ್ಟಿಗೆಯವರಿಗೆ ಹಿಂದಿನ ದಿನವೇ ತಿಳಿಸಿ, ನೊಣಗಳು ಗೂಡಿಗೆ ಮರಳಿದ ಸಂಜೆಯ ನಂತರ ಸಿಂಪಡಿಸಬೇಕು. ಬಂಡೀಪುರದ ಅಂಚಿನ ಊರುಗಳಲ್ಲಿ ಕರಡಿಯ ಕಾಟ ಇರುವುದರಿಂದ ಪೆಟ್ಟಿಗೆಗಳನ್ನು ಕಾಡಿನ ಬದಿಗೆ ಇಡದೆ ಮನೆಗೆ ಸಮೀಪ ಇಡುವುದು ಒಳಿತು.

ಒಂದು ವರ್ಷದೊಳಗಿನ ಶಿಶುಗಳಿಗೆ ಯಾವ ಜೇನುತುಪ್ಪವನ್ನೂ ನೆಕ್ಕಿಸಬಾರದು. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಗಳು ಶಿಶುವಿನ ಕರುಳಿನಲ್ಲಿ ಮೊಳೆತು ಪ್ರಾಣಾಪಾಯ ತರಬಲ್ಲವು. ಮನೆಯಲ್ಲಿ ರೂಢಿಯಿದ್ದರೂ ಇದನ್ನು ಬಿಡಬೇಕು; ಮಾರುವವರು ಚೀಟಿಯಲ್ಲಿಯೂ ನಮೂದಿಸುವುದು ಸೂಕ್ತ. ಜೇನುತುಪ್ಪ ಆಮ್ಲೀಯವಾದ್ದರಿಂದ ಕಬ್ಬಿಣ, ತವರದ ಡಬ್ಬಗಳಲ್ಲಿ ಇಡದೆ ಗಾಜು, ಸ್ಟೀಲ್ ಅಥವಾ ಆಹಾರ ದರ್ಜೆಯ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಬಿಗಿಯಾಗಿ ಮುಚ್ಚಿಡಬೇಕು. ಹೆಚ್ಚಿನ ಮಾಹಿತಿಗೆ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಬೆಳೆ ಹೂಬಿಡುವ ಮುನ್ನವೇ ಸಂಪರ್ಕಿಸಬಹುದು.