ನಡುವಯಸ್ಸಿನವರ ಮೊದಲ ರಸ್ತೆ ಸೈಕಲ್ಲು

ಸಮತಟ್ಟಾದ ರಸ್ತೆಯಲ್ಲಿ ಅಷ್ಟೇ ಶಕ್ತಿಯನ್ನು ವ್ಯಯಿಸಿ, ನಡೆಯುವವನಿಗಿಂತ ಹಲವು ಪಟ್ಟು ದೂರವನ್ನು ಸೈಕಲ್ಲೇರಿದವನು ಕ್ರಮಿಸಬಲ್ಲನು. ೧೮೮೫ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ, ಹೆಚ್ಚುಕಡಿಮೆ ಸಮಗಾತ್ರದ ಎರಡು ಗಾಲಿಗಳೂ ಹಿಂಗಾಲಿಯನ್ನು ತಿರುಗಿಸುವ ಸರಪಳಿಯೂ ಉಳ್ಳ 'ರೋವರ್' ಸೈಕಲ್ಲನ್ನು ರಚಿಸಿದನು. ೧೮೮೮ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟು ಪಡೆದನು. ಕೆಳಕ್ಕೆ ಬಾಗಿದ ಹ್ಯಾಂಡಲು, ಸಪೂರವಾದ ಟೈರು, ಹಲವು ಗೇರುಗಳುಳ್ಳ ಇಂದಿನ ರಸ್ತೆ ಸೈಕಲ್ಲು ಆ ವಂಶದ ಕುಡಿಯೇ.

ಭಾನುವಾರದ ಮುಂಜಾನೆ ಬೆಂಗಳೂರಿನಿಂದ ನಂದಿ ಬೆಟ್ಟದತ್ತ ಹೊರಡುವ ಸವಾರರಲ್ಲಿ ತಲೆನರೆತವರೂ ಉಂಟು. ವಿದ್ಯಾರ್ಥಿಗಳಾದ ವಾಚಕರು "ಈ ವಿಷಯ ನಮಗೇಕೆ?" ಎನ್ನಬಹುದು. ಆದರೆ ತಂದೆಯವರೋ ಸೋದರಮಾವನವರೋ ಸೈಕಲ್ಲು ಕೊಳ್ಳಹೊರಟಾಗ ಸಲಹೆ ಕೇಳುವುದು ನಿಮ್ಮನ್ನೇ. ಹದಿನೆಂಟರ ಕಣ್ಣಿಗೆ ಒಪ್ಪಿದ ಯಂತ್ರ ನಲವತ್ತೆಂಟರ ಬೆನ್ನಿಗೂ ಒಪ್ಪಬೇಕೆಂಬ ನಿಯಮವಿಲ್ಲ. ರಕ್ತದೊತ್ತಡಕ್ಕೆ ವ್ಯಾಯಾಮ ಬೇಕೆಂದು ವೈದ್ಯರು ಹೇಳಿದ ಮೇಲೆ, ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಮಗ ಆರಿಸಿಕೊಟ್ಟ ಪಂದ್ಯದ ಸೈಕಲ್ಲನ್ನು ಕೊಂಡರು. ಆರು ವಾರಗಳಲ್ಲಿ ಕತ್ತುನೋವು ಹಿಡಿಯಿತು, ಅಂಗೈ ಜೋಮುಗಟ್ಟಿತು. ಸೈಕಲ್ಲು ಈಗ ಮೆಟ್ಟಿಲ ಕೆಳಗೆ ಹಳೆಯ ಪಂಚೆ ಹೊದ್ದು ನಿಂತಿದೆ. ರಕ್ತದೊತ್ತಡ ಮಾತ್ರ ಇದ್ದಲ್ಲಿಯೇ ಇದೆ.

ಅಂಗಡಿಗೆ ಹೋದವರು ಮೊದಲು ಮಾಡುವ ಕೆಲಸವೆಂದರೆ ಸೈಕಲ್ಲನ್ನು ಒಂದು ಕೈಯಲ್ಲಿ ಎತ್ತಿ ನೋಡುವುದು. ಹಗುರವಾದುದೇ ಶ್ರೇಷ್ಠವೆಂಬ ಈ ನಂಬಿಕೆಯನ್ನು ಲೆಕ್ಕಕ್ಕೆ ಒಡ್ಡಿ ನೋಡೋಣ. ಸವಾರ ೭೫ ಕಿಲೋಗ್ರಾಂ, ಸೈಕಲ್ಲು ೧೦ ಕಿಲೋಗ್ರಾಂ, ರಸ್ತೆ ನೂರು ಮೀಟರಿಗೆ ಆರು ಮೀಟರಿನಂತೆ ಏರುತ್ತಿದೆ ಎನ್ನೋಣ. ಗುರುತ್ವವು ಹಿಂದಕ್ಕೆಳೆಯುವ ಬಲ ಸುಮಾರು ೫೦ ನ್ಯೂಟನ್. ಗಂಟೆಗೆ ೯ ಕಿಲೋಮೀಟರ್, ಎಂದರೆ ಸೆಕೆಂಡಿಗೆ ೨.೫ ಮೀಟರ್ ವೇಗದಲ್ಲಿ ಏರಲು ಇದಕ್ಕೇ ೧೨೫ ವಾಟ್ ಬೇಕು. ಟೈರಿನ ಉರುಳು ತಡೆ, ಗಾಳಿಯ ತಡೆ ಸೇರಿದರೆ ೧೪೦ ವಾಟ್ ಆದೀತು. ಸೈಕಲ್ಲಿನ ತೂಕದಲ್ಲಿ ಎರಡು ಕಿಲೋಗ್ರಾಂ ಇಳಿಸಿದರೆ ಉಳಿಯುವುದು ಸುಮಾರು ಮೂರೇ ವಾಟ್! ಐವತ್ತು ನಿಮಿಷಗಳ ಏರಿನಲ್ಲಿ ಒಂದು ನಿಮಿಷದ ಲಾಭ. ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಸೈಕಲ್ಲು ೬.೮ ಕಿಲೋಗ್ರಾಮಿಗಿಂತ ಹಗುರವಾಗಿರಕೂಡದೆಂಬ ನಿಯಮ ೨೦೦೦ದಿಂದ ಜಾರಿಯಲ್ಲಿದೆ. ಆ ಮಿತಿಯನ್ನು ಮುಟ್ಟಲು ಹಣ ಸುರಿಯಬೇಕಾದವರು ಪಂದ್ಯಗಾರರು, ಸೋದರಮಾವನವರಲ್ಲ.

ನಿಜವಾದ ಲಾಭ ಅಡಗಿರುವುದು ಹಲ್ಲುಚಕ್ರಗಳಲ್ಲಿ. ರಸ್ತೆ ಸೈಕಲ್ಲಿನ ಗಾಲಿಯ ಸುತ್ತಳತೆ ಸುಮಾರು ೨.೧ ಮೀಟರು. ಮುಂದಿನ ಚಕ್ರದಲ್ಲಿ ೩೪, ಹಿಂದಿನದರಲ್ಲಿ ೩೪ ಹಲ್ಲುಗಳಿದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಅಷ್ಟೇ ದೂರ ಮುಂದೆ ಸಾಗುತ್ತದೆ. ಮೇಲಿನ ಏರನ್ನು ಅದೇ ವೇಗದಲ್ಲಿ ಹತ್ತಲು ನಿಮಿಷಕ್ಕೆ ೭೧ ಸುತ್ತು ತುಳಿಯಬೇಕು. ಹಳೆಯ ಪಂದ್ಯದ ಪದ್ಧತಿಯಂತೆ ಮುಂದೆ ೩೯, ಹಿಂದೆ ೨೫ ಹಲ್ಲುಗಳಿದ್ದರೆ ಸುತ್ತುಗಳು ೪೬ಕ್ಕೆ ಇಳಿಯುತ್ತವೆ. ಕಡಿಮೆ ತುಳಿದರೆ ಸುಖವಲ್ಲವೇ? ಅಲ್ಲ. ಮಾಡಬೇಕಾದ ಕೆಲಸ ಒಂದೇ ಆಗಿರುವುದರಿಂದ, ಸುತ್ತು ಕಡಿಮೆಯಾದಷ್ಟೂ ಪ್ರತಿ ತುಳಿತದ ಬಲ ಹೆಚ್ಚಬೇಕು. ಇಲ್ಲಿ ಅದು ಒಂದೂವರೆ ಪಟ್ಟಿಗೂ ಮಿಗಿಲು. ಅದನ್ನು ತಾಳಿಕೊಳ್ಳಬೇಕಾದುದು ಇಪ್ಪತ್ತು ವರ್ಷ ಕುರ್ಚಿಯಲ್ಲಿ ಮಡಿಸಿಕೊಂಡು ಕುಳಿತಿದ್ದ ಮಂಡಿ! ಆದುದರಿಂದ ಹಿಂದಿನ ಅತಿ ದೊಡ್ಡ ಚಕ್ರಕ್ಕೆ ಎಷ್ಟು ಹಲ್ಲುಗಳೆಂದು ಅಂಗಡಿಯಲ್ಲಿ ಎಣಿಸಿ ನೋಡಲು ಸಂಕೋಚಪಡಬೇಕಿಲ್ಲ.

ಇನ್ನು ಚೌಕಟ್ಟು. ಪೆಡಲುಗಳ ಅಚ್ಚಿನಿಂದ ಚೌಕಟ್ಟಿನ ಮುಂತುದಿಯು ಎಷ್ಟು ಮೇಲಿದೆ, ಎಷ್ಟು ಮುಂದಿದೆ ಎಂಬ ಎರಡು ಅಳತೆಗಳನ್ನು ತಯಾರಕರು ಪ್ರಕಟಿಸುತ್ತಾರೆ. ಪಂದ್ಯದ ಚೌಕಟ್ಟಿನ ತುದಿ ತಗ್ಗಿನಲ್ಲಿಯೂ ದೂರದಲ್ಲಿಯೂ ಇರುತ್ತದೆ. ದೂರಪ್ರಯಾಣದ್ದು ಎತ್ತರದಲ್ಲಿ, ಹತ್ತಿರದಲ್ಲಿ. ಬಾಗಿ ಕುಳಿತರೆ ಗಾಳಿಯ ತಡೆ ತಗ್ಗುವುದು ದಿಟ. ಸಮತಟ್ಟಿನಲ್ಲಿ ಗಂಟೆಗೆ ೩೦ ಕಿಲೋಮೀಟರಿನಲ್ಲಿ ಸವಾರನ ಶಕ್ತಿಯ ಬಹುಭಾಗ ಗಾಳಿಯನ್ನು ಸೀಳುವುದಕ್ಕೇ ಸಲ್ಲುತ್ತದೆ. ಆದರೆ ಈ ವ್ಯಯ ವೇಗದ ಘನದಂತೆ ಏರುವುದರಿಂದ, ೨೦ ಕಿಲೋಮೀಟರಿನಲ್ಲಿ ಸಾಗುವ ಹೊಸಬರು ಗಾಳಿಗೆ ತೆರುವುದು ಅದರ ಮೂರನೆಯ ಒಂದು ಪಾಲಿಗೂ ಕಡಿಮೆ. ಇಷ್ಟು ಸಣ್ಣ ತೆರಿಗೆಯಲ್ಲಿ ಉಳಿತಾಯ ಮಾಡಲು ಬೆನ್ನನ್ನೇ ಒತ್ತೆಯಿಡುವುದು ನಮಗೆ ಜಾಣತನವಾಗಿ ಕಾಣದು. ಸಹೋದ್ಯೋಗಿಯವರ ಅಂಗೈಯನ್ನು ಕೆಡಿಸಿದುದು ಈ ತಗ್ಗು ಹ್ಯಾಂಡಲೇ. ಮುಂಡದ ಭಾರವೆಲ್ಲ ಅದರ ಮೇಲೆ ಬಿದ್ದಿತು.

ಟೈರಿನ ವಿಷಯದಲ್ಲಿ ತಜ್ಞರ ಅಭಿಪ್ರಾಯವೇ ಬದಲಾಗಿದೆ. ೨೩ ಮಿಲಿಮೀಟರ್ ಅಗಲದ ಟೈರಿಗೆ ಕಲ್ಲಿನಂತೆ ಗಾಳಿ ತುಂಬುವುದೇ ವೇಗದ ಗುಟ್ಟೆಂದು ಹಿಂದೆ ನಂಬಿದ್ದರು. ಒರಟು ರಸ್ತೆಯಲ್ಲಿ ಬಿಗಿಯಾದ ಟೈರು ಪ್ರತಿ ಉಬ್ಬಿಗೂ ಸವಾರನನ್ನು ಮೇಲಕ್ಕೆತ್ತಿ ಕುಲುಕುತ್ತದೆ. ಆ ಕುಲುಕಾಟದಲ್ಲಿ ಪೋಲಾಗುವುದು ಅವನದೇ ಶಕ್ತಿ. ೨೮ ಅಥವಾ ೩೨ ಮಿಲಿಮೀಟರಿನ ಟೈರು ಉಬ್ಬನ್ನು ತಾನೇ ನುಂಗಿಕೊಳ್ಳುತ್ತದೆ. ನಮ್ಮ ರಸ್ತೆಗಳ ಗುಣ ವಾಚಕರಿಗೆ ತಿಳಿದೇ ಇದೆ. ಚೌಕಟ್ಟಿನಲ್ಲಿ ೩೨ರ ಟೈರಿಗೆ ಎಡೆಯುಂಟೇ ಎಂದು ಹಣ ಕೊಡುವ ಮುನ್ನ ಕೇಳತಕ್ಕದ್ದು. ಆಮೇಲೆ ಎಡೆಯನ್ನು ಹೆಚ್ಚಿಸಲಾಗದು.

ಅರ್ಧ ಗಂಟೆಯಾದರೂ ಸವಾರಿ ಮಾಡಿ ನೋಡಲು ಅಂಗಡಿಯವರು ಒಪ್ಪದಿದ್ದರೆ ಮತ್ತೊಂದು ಅಂಗಡಿಗೆ ಹೋಗಬಹುದು. ತೂಕದಲ್ಲಿ ಉಳಿಸಿದ ಹಣದಲ್ಲಿ ಶಿರಸ್ತ್ರಾಣ, ದೀಪಗಳು, ಒತ್ತಡಮಾಪಕವುಳ್ಳ ಪಂಪು ಬರುತ್ತವೆ. ನಮ್ಮ ೭೫ ಕಿಲೋಗ್ರಾಮಿನ ಸವಾರರಿಗೆ ೩೨ರ ಟೈರಿನಲ್ಲಿ ಚದರ ಅಂಗುಲಕ್ಕೆ ೬೦ ಪೌಂಡಿನ ಆಸುಪಾಸು ಸಾಕು. ರಬ್ಬರಿನ ಟ್ಯೂಬಿನಿಂದ ಗಾಳಿ ಮೆಲ್ಲಮೆಲ್ಲನೆ ಸೋರುತ್ತಲೇ ಇರುವುದರಿಂದ ವಾರಕ್ಕೊಮ್ಮೆಯಾದರೂ ಅಳೆದು ತುಂಬಬೇಕು. ಆ ಕೆಲಸವನ್ನು ಮನೆಯ ವಿದ್ಯಾರ್ಥಿಗಳು ವಹಿಸಿಕೊಳ್ಳಬಹುದು.