ಪಾತಾಳಕ್ಕಿಳಿದು ಮನೆ ಬೆಳಗಿದವನು

ನವೆಂಬರ್ ತಿಂಗಳ ಎರಡನೆಯ ದಿನ ಕಥೋಲಿಕ ಕ್ರೈಸ್ತರಿಗೆ ಮೃತರ ಸ್ಮರಣೆಯ ದಿನ. ಅಂದು ಕೋಲಾರ ಚಿನ್ನದ ಗಣಿಯ ಸಮಾಧಿಭೂಮಿಗಳಲ್ಲಿ ಹುಲ್ಲು ಸವರಿ, ಸುಣ್ಣ ಬಳಿದು, ಹೂವಿರಿಸಿ, ಮೇಣದಬತ್ತಿ ಹಚ್ಚುವ ಸಂಸಾರಗಳು ಕಾಣುತ್ತವೆ. ದೂರದ ಊರುಗಳಿಂದ ಬಂಗಾರಪೇಟೆಗೆ ಬಂದು, ಅಲ್ಲಿ ರೈಲು ಬದಲಿಸಿ ಬಂದವರೂ ಅವರಲ್ಲಿರುತ್ತಾರೆ. ಸೆರಗಿನಿಂದ ಗಾಳಿಗೆ ಮರೆಮಾಡಿ ದೀಪ ಹಚ್ಚುವ ಮುದುಕಿಗೆ ಆ ಮಣ್ಣಿನಡಿ ಮಲಗಿರುವವನು ಗಂಡ. ಪಕ್ಕದಲ್ಲಿ ನಿಂತವರಿಗೆ ತಂದೆ, ತಾತ.

ಗಣಿಯ ಚರಿತ್ರೆಯಲ್ಲಿ ಮೈಕೇಲ್ ಲ್ಯಾವೆಲ್ಲನ ಹೆಸರಿದೆ, ಜಾನ್ ಟೇಲರ್ ಕಂಪೆನಿಯ ಹೆಸರಿದೆ. ಈ ಗೋರಿಯಲ್ಲಿರುವವನ ಹೆಸರಿಲ್ಲ. ಏಕೆಂದರೆ ಅವನು ಒಬ್ಬನಲ್ಲ, ಸಾವಿರಾರು ಮಂದಿ. ಅವರೆಲ್ಲರ ಬಾಳಿನ ಎಳೆಗಳನ್ನು ಹೊಸೆದರೆ ಒಬ್ಬ ಮನುಷ್ಯನ ಚಿತ್ರ ಮೂಡುತ್ತದೆ: ದೇವರಿಗೆ ಅಂಜಿ, ಮನೆಗಾಗಿ ಜೀವ ತೇದ ಗಣಿಯ ಕ್ರೈಸ್ತ ಗೃಹಸ್ಥನ ಚಿತ್ರ.

ಬಂದ ದಾರಿ

ಐರ್ಲೆಂಡಿನ ನಿವೃತ್ತ ಸೈನಿಕ ಲ್ಯಾವೆಲ್ ಇಲ್ಲಿ ಚಿನ್ನ ಅಗೆಯಲು ಮೈಸೂರು ಸರ್ಕಾರದಿಂದ ಪರವಾನಗಿ ಪಡೆದದ್ದು 1875ರಲ್ಲಿ. 1880ರಲ್ಲಿ ಟೇಲರ್ ಕಂಪೆನಿಯವರು ಬಂದರು. ಉತ್ತರ ಆರ್ಕಾಟಿನಿಂದಲೂ ಚಿತ್ತೂರಿನ ಕಡೆಯಿಂದಲೂ ಹೊಟ್ಟೆಗಿಲ್ಲದ ಜನ ಹಿಂಡುಹಿಂಡಾಗಿ ಬಂದರು. ಮೈಸೂರಿನ ಕಮಿಷನರಾಗಿದ್ದ ಬೌರಿಂಗನ ಹೆಸರು ಹೊತ್ತಿದ್ದ ಬೌರಿಂಗ್‌ಪೇಟೆಯಿಂದ ಗಣಿಗೆ 1894ರಲ್ಲಿ ರೈಲು ಹರಿಯಿತು. ಇಂದಿನ ಬಂಗಾರಪೇಟೆಯೇ ಅದು. ಗಂಟು ಹೊತ್ತು ಆ ನಿಲ್ದಾಣದಲ್ಲಿ ಇಳಿದವರಿಗೆ ಸಿಕ್ಕಿದ ನೆಲೆ ಬಿದಿರು ತಟ್ಟಿಯ ಗುಡಿಸಲು. ಅನಂತರ ಸಾಲುಮನೆಯ ಒಂದು ಕೋಣೆ. ಹುಟ್ಟೂರಿನಲ್ಲಿ ಅಸ್ಪೃಶ್ಯನೆನಿಸಿ ಬೀದಿಯ ಬದಿಗೆ ಸರಿದು ನಡೆಯಬೇಕಾಗಿದ್ದ ಎಷ್ಟೋ ಮಂದಿಗೆ ಇಲ್ಲಿ ಕೂಲಿಯ ಜೊತೆಗೆ ತಲೆಯೆತ್ತಿ ನಿಲ್ಲುವ ಒಂದು ತಾಣವೂ ದೊರೆಯಿತು. ಕೆಲವರಿಗೆ ಆ ತಾಣ ಚರ್ಚು.

ಕೇಜು ಇಳಿಯುವ ಮುನ್ನ

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರ ಹರಿದು ಬಂದು ಗಣಿಯ ಯಂತ್ರಗಳನ್ನು ತಿರುಗಿಸಿತು. ಗಣಿ ಆಳವಾಗುತ್ತಲೇ ಹೋಯಿತು. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಕೆಳಗಿಳಿಯಿತು. ಅಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಯಂತ್ರಗಳಿಂದ ತಂಪು ಗಾಳಿಯನ್ನು ತಳ್ಳದಿದ್ದರೆ ಮನುಷ್ಯ ಅಲ್ಲಿ ನಿಲ್ಲುವಂತಿರಲಿಲ್ಲ.

ಅಂಥ ಪಾತಾಳಕ್ಕೆ ಇಳಿಯುವ ಮುನ್ನ ಅವನು ಹಣೆ, ಎದೆ, ಭುಜಗಳನ್ನು ಮುಟ್ಟಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದ. ಪಕ್ಕದವನು ಮಾರಿಯಮ್ಮನನ್ನು ನೆನೆಯುತ್ತಿದ್ದ, ಮತ್ತೊಬ್ಬನು ಅಲ್ಲಾಹುವನ್ನು. ಕೇಜಿನ ಬಾಗಿಲು ಮುಚ್ಚಿದ ಮೇಲೆ ಎಲ್ಲರ ಜೀವವೂ ಒಂದೇ ಹಗ್ಗಕ್ಕೆ ತೂಗುತ್ತಿತ್ತು.

ಮನೆಯವಳ ಪ್ರಾರ್ಥನೆ ಬೇರೆ ಬಗೆಯದು. ಚಿನ್ನ ತೆಗೆದು ಟೊಳ್ಳಾದ ಆಳದಲ್ಲಿ ಬಂಡೆ ಬಿಗಿತ ತಾಳದೆ ತಟಕ್ಕನೆ ಸಿಡಿಯುವುದುಂಟು. ಆಗ ಮೇಲಿನ ಮನೆಗಳ ಪಾತ್ರೆಗಳೂ ಅಲುಗುತ್ತಿದ್ದವು. ಒಲೆಯ ಮುಂದಿದ್ದ ಹೆಂಗಸು ಉರಿ ತಗ್ಗಿಸುವುದನ್ನೂ ಮರೆತು ಗಣಿಯ ಬಾಯಿಯ ಕಡೆ ಓಡುತ್ತಿದ್ದಳು. ಕೇಜು ಮೇಲೆ ಬಂದಾಗ ಗಂಡನ ಮುಖ ಕಂಡರೆ ಅಂದಿನ ಮಟ್ಟಿಗೆ ಅದೇ ಅವಳ ಈಸ್ಟರ್ ಹಬ್ಬ.

ಬಟವಾಡೆಯ ದಿನ

ಭಕ್ತಿಯ ನಿಜವಾದ ಪರೀಕ್ಷೆ ನಡೆಯುತ್ತಿದ್ದುದು ಚರ್ಚಿನಲ್ಲಲ್ಲ, ಬಟವಾಡೆಯ ದಿನ. ಗಣಿಯಿಂದ ಮನೆಯವರೆಗಿನ ದಾರಿಯಲ್ಲಿ ಸಾರಾಯಿ ಅಂಗಡಿಯಿತ್ತು, ಬಡ್ಡಿಯವನು ನಿಂತಿದ್ದ. ಎಷ್ಟೋ ಸಂಬಳಗಳು ದಾರಿಯಲ್ಲಿಯೇ ಕರಗಿಹೋದವು. ನಮ್ಮ ಗೃಹಸ್ಥನು ಅವೆರಡನ್ನೂ ದಾಟಿ ಬಂದು ಹಣವನ್ನು ಹೆಂಡತಿಯ ಕೈಗಿಡುತ್ತಿದ್ದ. ಅದರಲ್ಲಿ ಮೊದಲು ಅಕ್ಕಿ, ಅನಂತರ ಮಕ್ಕಳ ಶಾಲೆಯ ಶುಲ್ಕ, ಉಳಿದುದರಲ್ಲಿ ಒಂದಿಷ್ಟು ಕಾಣಿಕೆ. ಸಂಜೆ ಎಲ್ಲರೂ ಮಂಡಿಯೂರಿ ಜಪಮಾಲೆ ಹೇಳುವಾಗ ದಣಿದ ತಂದೆ ನಡುವೆ ತೂಕಡಿಸಿದರೆ ಮಕ್ಕಳು ಮುಸಿಮುಸಿ ನಗುತ್ತಿದ್ದರು. ಕ್ರಿಸ್ಮಸ್ಸಿಗೆ ಬಾಗಿಲಲ್ಲಿ ಕಾಗದದ ನಕ್ಷತ್ರ ತೂಗುತ್ತಿತ್ತು. ಕರಿದ ತಿಂಡಿಯ ತಟ್ಟೆ ಹಿಂದೂ ಮುಸ್ಲಿಮರ ಮನೆಗಳಿಗೂ ಹೋಗುತ್ತಿತ್ತು.

ಈ ನೆಮ್ಮದಿಗೆ ತೆತ್ತ ಬೆಲೆ ಅವನ ಎದೆಯೊಳಗಿತ್ತು. ಕಲ್ಲು ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ತಂಗಿ ಅದನ್ನು ಬಿರುಸಾಗಿಸುತ್ತದೆ. ಉಸಿರು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ. 1940ರ ದಶಕದಲ್ಲಿ ಇಲ್ಲಿಯ ಏಳು ಸಾವಿರಕ್ಕೂ ಮಿಕ್ಕ ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಯಲ್ಲಿ ಆ ಸಿಲಿಕೋಸಿಸ್ ರೋಗ ಕಂಡುಬಂದಿತು. ರಾತ್ರಿಯೆಲ್ಲ ಕೆಮ್ಮಿ ಬೆಳಗಾದರೆ ಮತ್ತೆ ಕೇಜಿನ ಮುಂದೆ ಸಾಲು ನಿಲ್ಲುತ್ತಿದ್ದ ತಂದೆಯ ಮನಸ್ಸಿನಲ್ಲಿದ್ದುದು ಒಂದೇ ಹಟ: ತನ್ನ ಮಗ ಕೆಳಗಿಳಿಯಬಾರದು. ಕೆಲವರ ಹಟ ಗೆದ್ದಿತು. ತಂದೆಯ ಉಸಿರು ಸೋತ ಮನೆಗಳಲ್ಲಿ ಮಗನೇ ದೀಪದ ಟೋಪಿ ತೊಟ್ಟು ಇಳಿಯಬೇಕಾಯಿತು.

ಗಣಿ ಮುಚ್ಚಿದ ಮೇಲೆ

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೂ 1962ರಲ್ಲಿ ಕೇಂದ್ರ ಸರ್ಕಾರದ ಕೈಗೂ ಬಂದವು. ಆದರೆ ಅದಿರಿನಲ್ಲಿ ಚಿನ್ನ ಕ್ಷೀಣಿಸಿ, ವೆಚ್ಚ ಏರಿ, 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಆ ನೆಲದಿಂದ ಮೇಲೆ ಬಂದಿತ್ತು. ಅದನ್ನು ತೆಗೆದವರ ಮನೆಯಲ್ಲಿ ಉಳಿದುದು ಮಗಳ ಮದುವೆಗೆ ಮಾಡಿಸಿದ ಗುಲಗಂಜಿ ತೂಕದ ಓಲೆ; ಊರಿನಲ್ಲಿ ಉಳಿದುದು ಸೈನೈಡ್ ಮಣ್ಣಿನ ಬೂದು ದಿಬ್ಬಗಳು.

ಇಂದು ಬೆಳಕು ಹರಿಯುವ ಮೊದಲೇ ಗಣಿಯ ಮೊಮ್ಮಕ್ಕಳು ಮಾರಿಕುಪ್ಪಂ ರೈಲು ಹತ್ತುತ್ತಾರೆ. ಬಂಗಾರಪೇಟೆ ದಾಟಿ ಬೆಂಗಳೂರಿನ ಅಂಗಡಿ, ಕಾರ್ಖಾನೆ, ಕಚೇರಿಗಳಿಗೆ ಹೋಗಿ ರಾತ್ರಿ ಹಿಂದಿರುಗುತ್ತಾರೆ. ತಾತ ಗಂಟು ಹೊತ್ತು ಬಂದ ಹಳಿಯ ಮೇಲೆಯೇ ಮೊಮ್ಮಗನು ಬುತ್ತಿ ಹಿಡಿದು ಓಡಾಡುತ್ತಾನೆ. ಅವನ ದಿನವೂ ದೀರ್ಘವಾದದ್ದೇ. ಆದರೆ ಅವನು ಹೋಗುವುದು ನೆಲದ ಮೇಲೆ, ಬಯಲಿನ ಗಾಳಿಯಲ್ಲಿ. ತಾತ ಬೇಡಿದ್ದು ಅಷ್ಟನ್ನೇ.

ಮೇಣದಬತ್ತಿ ಆರುವ ಹೊತ್ತಿಗೆ ಮುದುಕಿ ಎದ್ದು ನಿಂತು ಗೋರಿಯ ಮೇಲಿನ ಮಣ್ಣನ್ನು ಅಂಗೈಯಿಂದ ಒರಸುತ್ತಾಳೆ, ಪಾಳಿ ಮುಗಿಸಿ ಬಂದವನ ಭುಜದ ಧೂಳನ್ನು ಅಂದು ಒರಸುತ್ತಿದ್ದಂತೆಯೇ.