ಸುಗ್ಗಿಗೊಮ್ಮೆ, ಹಬ್ಬಕ್ಕೊಮ್ಮೆ ಬದಲಾಗುವ ಕೋಣೆ

ಬಳ್ಳಾರಿಯ ಆ ಓಣಿಯಲ್ಲಿ ಹೊಲಿಗೆ ಯಂತ್ರಗಳ ಸದ್ದು ಬೀದಿಗೇ ಕೇಳಿಸುತ್ತದೆ. ಜೀನ್ಸ್ ಹೊಲಿಯುವವರ ಮನೆಗಳು. ಬಾಗಿಲ ಪಕ್ಕ ಕತ್ತರಿಸಿ ಉಳಿದ ನೀಲಿ ತುಂಡುಗಳ ಮೂಟೆ. ಅವನ್ನು ದಾಟಿ ಒಂದು ಮನೆಯೊಳಗೆ ಹೋದೆ. ನೋಡಬೇಕಿದ್ದದ್ದು ಎರಡನೇ ತರಗತಿಯ ಹುಡುಗಿಯೊಬ್ಬಳ ಕೋಣೆ. ಅಲ್ಲಿ ಅಂಗಡಿಯಿಂದ ತಂದ ಅಲಂಕಾರ ಒಂದೂ ಇಲ್ಲವೆಂದು ಕೇಳಿದ್ದೆ.

ಬಾಗಿಲಲ್ಲೇ ತಲೆ ತಗ್ಗಿಸಬೇಕಾಯಿತು. ಮೇಲೆ ಭತ್ತದ ತೆನೆಯ ತೋರಣ. ಸಿರುಗುಪ್ಪದ ನೆಂಟರ ಗದ್ದೆಯದಂತೆ, ತುಂಗಭದ್ರಾ ಕಾಲುವೆ ನೀರಿನ ಬೆಳೆ. ಹೆಣಿಗೆ ಒಂದು ತುದಿಯಲ್ಲಿ ಬಿಗಿ, ಇನ್ನೊಂದು ತುದಿಯಲ್ಲಿ ಸಡಿಲ. ಸಡಿಲವಾದದ್ದು ಮಗುವಿನ ಕೆಲಸವಿರಬೇಕು ಅಂದೆ. ಜೊತೆಗಿದ್ದ ಹುಡುಗಿಯ ಅಜ್ಜಿ ನಕ್ಕರು, ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಎಡಗೋಡೆಗೆ ಗೋಣಿ ತಟ್ಟು, ಅದರ ಮೇಲೆ ಹಳೇ ಜೀನ್ಸ್ ಜೇಬುಗಳ ಸಾಲು. ಪೆನ್ಸಿಲ್, ಕತ್ತರಿ, ಬಣ್ಣದ ದಾರ ಎಲ್ಲ ಅಲ್ಲೇ. ತಟ್ಟು ತೂಗಿದ್ದು ನನ್ನ ಸೊಂಟದ ಮಟ್ಟಕ್ಕೆ, ಅಂದರೆ ಹುಡುಗಿಯ ಕೈಗೆಟಕುವಷ್ಟು ಎತ್ತರಕ್ಕೆ. ಮಂಚದ ಮೇಲೆ ಕೌದಿ. ಹಳೇ ಸೀರೆ, ಧೋತರಗಳ ಪದರದ ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು ಸಾಲುಸಾಲಾಗಿ ಹೊಲಿದದ್ದು. ಓಣಿಯಲ್ಲಿ ರಾಶಿ ಬಿದ್ದಿರುವ ನೀಲಿ ಬಟ್ಟೆ ಇದರಲ್ಲೇಕಿಲ್ಲ?

“ಜೀನ್ಸಿನ್ಯಾಗ ಕೈಸೂಜಿ ಇಳಿಯಂಗಿಲ್ರಿ,” ಎಂದರು ಅಜ್ಜಿ.

ಕಿಟಕಿಗೆ ಬಂದೆ. ತೊಗಲುಗೊಂಬೆಯನ್ನು ನೋಡಿ ಮಾಡಿದ ಕಾಗದದ ಗೊಂಬೆಗಳು. ದಪ್ಪ ಕಾಗದಕ್ಕೆ ಬಣ್ಣ ಹಚ್ಚಿ, ಎಣ್ಣೆ ಸವರಿ, ಸೂಜಿಯಿಂದ ತೂತು ಹೊಡೆದಿದ್ದಾರೆ. ಬಿಸಿಲು ಬಿದ್ದಾಗ ಆಭರಣಗಳೆಲ್ಲ ಚುಕ್ಕಿಚುಕ್ಕಿಯಾಗಿ ಕಾಣುತ್ತವೆ. ಒಂದು ರಾವಣನಿರಬೇಕು. ಎಣಿಸಿದರೆ ಏಳೇ ತಲೆ. ಕಾಗದ ಸಾಲಲಿಲ್ಲವೋ, ತಾಳ್ಮೆ ಸಾಲಲಿಲ್ಲವೋ, ಕೇಳಲಿಲ್ಲ.

ಕೊನೆಗೆ ಮೂಲೆಯ ಹಲಗೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನಲ್ಲಿ ಮಾಡಿದ ಎತ್ತುಗಳು. ಅವುಗಳ ನಡುವೆ ಕಾಲು ಮಡಿಸಿ ಕೂತ ಒಂದು ದೊಡ್ಡ ಬಸವ. ಕುರುಗೋಡಿನ ದೊಡ್ಡಬಸವೇಶ್ವರ ಗುಡಿಯಲ್ಲಿ ಏಕಶಿಲೆಯ ಬೃಹತ್ ಬಸವನನ್ನು ನೋಡಿ ಬಂದ ಮೇಲೆ ಮಾಡಿದ್ದಂತೆ. ಎರೆಮಣ್ಣು ಒಣಗಿದರೆ ಬಿರಿಯುತ್ತದೆ. ಬೆನ್ನಿನ ಬಿರುಕಿಗೆ ಮತ್ತೆ ಮಣ್ಣು ಮೆತ್ತಿದ ಗುರುತು ಕಾಣುತ್ತಿತ್ತು.

ಇವುಗಳಲ್ಲಿ ಬಹಳ ಕಾಲ ಬಾಳುವುದು ಕೌದಿ ಮತ್ತು ಜೇಬಿನ ತಟ್ಟು ಮಾತ್ರ. ತೆನೆಗೆ ಹುಳು ಹತ್ತುತ್ತದೆ, ಕಾಗದ ಮಾಸುತ್ತದೆ, ಎತ್ತು ಒಡೆಯುತ್ತದೆ. ಹೊಸ ತೆನೆ ಮುಂಗಾರು ಭತ್ತದ ಕೊಯ್ಲಿಗೆ ಬರುತ್ತದೆ, ಹೊಸ ಎತ್ತು ಜ್ಯೇಷ್ಠದ ಅಮಾವಾಸ್ಯೆಗೆ. ಹಾಗಾಗಿ ಈ ಕೋಣೆಯ ಅಲಂಕಾರ ಮುಗಿಯಿತು ಎನ್ನುವ ದಿನವೇ ಇಲ್ಲ. ಅಂಗಡಿಯ ಸ್ಟಿಕ್ಕರ್‌ಗಿಂತ ಇದು ಅಗ್ಗವೇ? ದುಡ್ಡಿನ ಲೆಕ್ಕದಲ್ಲಿ ಹೌದು, ಹೊತ್ತಿನ ಲೆಕ್ಕದಲ್ಲಿ ಖಂಡಿತ ಅಲ್ಲ. ಮಗುವಿನ ಜೊತೆ ನೆಲಕ್ಕೆ ಕೂರಲು ಮನೆಯಲ್ಲಿ ಒಬ್ಬರಿಗಾದರೂ ಪುರುಸೊತ್ತಿರಬೇಕು. ಈ ಮನೆಯಲ್ಲಿ ಅದು ಅಜ್ಜಿಗಿದೆ.